ಉರಿ ಇಳಿದ ಮೇಲೆ

ಬೇಸಿಗೆಯ ದಿನಗಳಲ್ಲಿ ನೀಲಗುಂದದ ಹೆಣ್ಣುಮಗಳೊಬ್ಬಳು ಪಕ್ಕದ ಮನೆಯವಳ ಕಿವಿಯಲ್ಲಿ ‘ಉರೀತೈತಿ’ ಅಂದರೆ ಸಾಕು, ಎಲ್ಲಿ ಎಂದು ಆಕೆ ಕೇಳುವುದಿಲ್ಲ. ‘ಕಾವಾಗೈತಿ, ಮಜ್ಜಿಗಿ ಕುಡಿ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಭೀಮೇಶ್ವರ ಗುಡಿಯಿರುವ ಈ ಊರು ಹರಪನಹಳ್ಳಿ ತಾಲ್ಲೂಕಿಗೆ ಸೇರಿದ್ದು. ಹರಪನಹಳ್ಳಿಯ ಜೊತೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ತಾಲ್ಲೂಕುಗಳೂ 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಮಳೆ ಕಡಿಮೆ, ಬಿಸಿಲು ಜಾಸ್ತಿ. ಮೈಯಲ್ಲಿ ಏನೇ ಉರಿದರೂ ಬಿಸಿಲಿನ ತಲೆಗೆ ಕಟ್ಟಿಬಿಡುವುದು ಇಲ್ಲಿ ಸುಲಭ.

ಉರಿಮೂತ್ರಕ್ಕೆ ಈ ಸೀಮೆಯಲ್ಲಿ ಮನೆಮದ್ದುಗಳಿಗೆ ಬರವಿಲ್ಲ. ನೀರುಮಜ್ಜಿಗೆ, ಎಳನೀರು, ರಾತ್ರಿ ನೆನೆಹಾಕಿದ ಕೊತ್ತಂಬರಿ ಬೀಜದ ನೀರು, ಜೀರಿಗೆ ಕಷಾಯ, ಹೊಕ್ಕುಳಿಗೆ ಹರಳೆಣ್ಣೆ. ಇವುಗಳಲ್ಲಿ ಕುಡಿಯುವಂಥವನ್ನು ಹೀಗಳೆಯಬೇಕಿಲ್ಲ. ಹೊಟ್ಟೆಗೆ ಹೆಚ್ಚು ನೀರು ಹೋದರೆ ಮೂತ್ರ ತೆಳುವಾಗುತ್ತದೆ, ಉರಿ ತುಸು ತಗ್ಗುತ್ತದೆ, ಮೂತ್ರಕೋಶ ಮತ್ತೆ ಮತ್ತೆ ಖಾಲಿಯಾಗುತ್ತದೆ. ಬಿಸಿಲಲ್ಲಿ ದುಡಿದು ನೀರು ಸಾಲದೆ ಮೂತ್ರ ಗಟ್ಟಿಯಾಗಿ ಉರಿಯುವುದೂ ನಿಜ. ಅಂಥದ್ದು ಒಂದು ದಿನ ಚೆನ್ನಾಗಿ ನೀರು ಕುಡಿದರೆ ಹೋಗುತ್ತದೆ. ಹೋಗದೆ ಉಳಿದ ಉರಿಯದ್ದು ಬೇರೆ ಕಥೆ. ಗಳಿಗೆಗೊಮ್ಮೆ ಅವಸರವಾಗುತ್ತದೆ, ಹೋಗಿ ಕೂತರೆ ನಾಲ್ಕು ಹನಿ, ಕಿಬ್ಬೊಟ್ಟೆಯಲ್ಲಿ ಹಿಂಡುವ ನೋವು, ಮೂತ್ರದಲ್ಲಿ ಕದಡು ಅಥವಾ ಕೆಂಪು. ಇದಕ್ಕೆ ಕಾರಣ ಕಾವಲ್ಲ, ಒಂದು ಜೀವಿ.

ಆ ಜೀವಿಯನ್ನು 1885ರಲ್ಲಿ ಮೊದಲು ವಿವರಿಸಿದವರು ಜರ್ಮನಿಯ ಮಕ್ಕಳ ವೈದ್ಯ ಥಿಯೊಡೋರ್ ಎಷರಿಕ್. ಅವರ ಹೆಸರನ್ನೇ ಹೊತ್ತ ಎಷರಿಕಿಯಾ ಕೋಲೈ, ಅಂದರೆ ಇ-ಕೋಲೈ, ಹೆಚ್ಚುಕಡಿಮೆ ಎಲ್ಲರ ಕರುಳಿನಲ್ಲೂ ಇರುವ ಬ್ಯಾಕ್ಟೀರಿಯಾ. ಕರುಳಿನಲ್ಲಿರುವ ತನಕ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಮಲದ್ವಾರದಿಂದ ಮೂತ್ರದ್ವಾರಕ್ಕೆ ದಾಟಿ ಅಲ್ಲಿಂದ ಮೇಲಕ್ಕೆ ಹತ್ತಿದಾಗ ರಗಳೆ ಶುರುವಾಗುತ್ತದೆ. ಗಂಡಸಿನಲ್ಲಿ ಮೂತ್ರ ಹೊರಹೋಗುವ ನಾಳ ಸುಮಾರು 20 ಸೆಂಟಿಮೀಟರ್ ಉದ್ದ, ಹೆಂಗಸಿನಲ್ಲಿ ಬರೀ 4. ಮಹಿಳೆಯರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಈ ಸೋಂಕು ತಗಲುವುದಕ್ಕೆ ಈ 4 ಸೆಂಟಿಮೀಟರೇ ದೊಡ್ಡ ಕಾರಣ. ನಡತೆಗೂ ಇದಕ್ಕೂ ಸಂಬಂಧವಿಲ್ಲ. ಹೊಸದಾಗಿ ಮದುವೆಯಾದವರಲ್ಲಿ ಇದು ಹೆಚ್ಚು, ಏಕೆಂದರೆ ಕೂಡುವಾಗ ಬ್ಯಾಕ್ಟೀರಿಯಾ ಒಳಸರಿಯಲು ದಾರಿಯಾಗುತ್ತದೆ. ಆದರೂ ಇದು ಗುಪ್ತರೋಗಗಳ ಸಾಲಿಗೆ ಸೇರಿದ್ದಲ್ಲ. ಗಂಡನ ಮನೆಗೆ ಬಂದು ತಿಂಗಳು ತುಂಬದ ಸೊಸೆಗೆ ಅತ್ತೆಯ ಮುಂದೆ ಈ ಮಾತನ್ನು ಎತ್ತಲು ಬಾಯಿ ಬಾರದಿರುವುದು ಈ ವ್ಯತ್ಯಾಸ ಎರಡೂ ಕಡೆ ಗೊತ್ತಿಲ್ಲದ್ದರಿಂದ.

ಮೂತ್ರಕೋಶದ ಒಳಗೋಡೆ ನುಣುಪಾದದ್ದು, ಅದರ ಮೇಲೆ ದಿನವಿಡೀ ಮೂತ್ರದ ಹರಿವು ಬೇರೆ. ಅಲ್ಲಿ ನಿಲ್ಲಬೇಕಾದರೆ ಕೊಕ್ಕೆ ಬೇಕು. ಸೋಂಕು ತರುವ ಇ-ಕೋಲೈಗಳ ಮೈಮೇಲೆ ಕೂದಲಿಗಿಂತ ಎಷ್ಟೋ ಪಾಲು ಸಣ್ಣ ಎಳೆಗಳಿವೆ. ಆ ಎಳೆಗಳ ತುದಿಯಲ್ಲಿ ಫಿಮ್‌ಎಚ್ ಎಂಬ ಪ್ರೋಟೀನು. ಮೂತ್ರಕೋಶದ ಕೋಶಗಳ ಮೇಲಿರುವ ಮ್ಯಾನೋಸ್ ಎಂಬ ಸಕ್ಕರೆಯನ್ನು ಅದು ಹಿಡಿದುಕೊಳ್ಳುತ್ತದೆ. ಹೊಲದಲ್ಲಿ ಸೀರೆಯಂಚಿಗೆ ಹತ್ತಿದ ಉತ್ತರಾಣಿ ಕಾಯಿಯ ಹಾಗೆ ಹಿಡಿದದ್ದು ಕೊಡವಿದರೂ ಬೀಳುವುದಿಲ್ಲ. ಅಷ್ಟಕ್ಕೇ ನಿಲ್ಲದೆ ಕೆಲವು ಬ್ಯಾಕ್ಟೀರಿಯಾಗಳು ಕೋಶದ ಒಳಕ್ಕೇ ನುಗ್ಗಿ ಅಲ್ಲಿ ಗುಂಪುಕಟ್ಟುತ್ತವೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಕಾಟ್ ಹಲ್ಟ್‌ಗ್ರೆನ್ ಮತ್ತು ಸಂಗಡಿಗರು ಇಂಥ ಗುಂಪುಗಳನ್ನು ಇಲಿಗಳ ಮೂತ್ರಕೋಶದಲ್ಲಿ ಕಂಡು 2003ರಲ್ಲಿ ಪ್ರಕಟಿಸಿದರು. ಮುಂದೆ ಸೋಂಕಿತ ಮಹಿಳೆಯರ ಮೂತ್ರದಲ್ಲೂ ಅವುಗಳ ಗುರುತು ಸಿಕ್ಕಿತು. ಒಳಗೆ ಅಡಗಿದವನ್ನು ರಕ್ತದ ಕಾವಲುಕೋಶಗಳೂ ಸುಲಭವಾಗಿ ಮುಟ್ಟಲಾರವು, ಔಷಧವೂ ಮುಟ್ಟಲಾರದು. ‘ಹೋತು ಅಂದ್ಕೊಂಡಿದ್ದೆ, ಮತ್ತ ಬಂತು’ ಎಂಬ ಗೋಳಿನ ಹಿಂದೆ ಕೆಲವು ಸಲ ಇರುವುದು ಇದೇ.

ದೇಹಕ್ಕೂ ಒಂದು ಸರಳ ಉಪಾಯವಿದೆ: ಆಗಾಗ ಮೂತ್ರ ಹೊಯ್ದು ತೊಳೆದುಹಾಕುವುದು. ಈ ಐದು ತಾಲ್ಲೂಕುಗಳಲ್ಲಿ ಹೆಣ್ಣಿಗೆ ತಪ್ಪಿಹೋಗುವುದು ಸರಿಯಾಗಿ ಅದೇ.

ಕಾಗದದ ಮೇಲೆ ಒಂದು ಲೆಕ್ಕ ಹಾಕಿ ನೋಡಬಹುದು. ಅನುಕೂಲ ಸಿಕ್ಕರೆ ಇ-ಕೋಲೈ 20 ನಿಮಿಷಕ್ಕೆ ಇಮ್ಮಡಿಯಾಗುತ್ತದೆ. ಮೂತ್ರದಲ್ಲಿ ಅಷ್ಟು ವೇಗ ಬೇಡ, ಅರ್ಧ ಗಂಟೆಗೊಮ್ಮೆ ಎಂದೇ ಇಟ್ಟುಕೊಳ್ಳೋಣ. ಬೆಳಗಿನ 6 ಗಂಟೆಗೆ ಒಂದೇ ಒಂದು ಇದ್ದದ್ದು ಸಂಜೆ 6ರ ಹೊತ್ತಿಗೆ 24 ಸಲ ಇಮ್ಮಡಿಸಿ 1 ಕೋಟಿ 67 ಲಕ್ಷ ದಾಟುತ್ತದೆ. ನಡುನಡುವೆ ಮೂತ್ರಕೋಶ ಖಾಲಿಯಾದರೆ ಈ ಲೆಕ್ಕ ಪ್ರತಿ ಸಲವೂ ಹಿಂದಕ್ಕೆ ಬರುತ್ತದೆ. ಬೆಳಗಿನ 6ರಿಂದ ಸಂಜೆ 6 ಎಂಬ ಅವಧಿಯನ್ನು ಸುಮ್ಮನೆ ಆರಿಸಿಕೊಂಡದ್ದಲ್ಲ. ಹೊತ್ತು ಮೂಡುವ ಮುನ್ನ ತಂಬಿಗೆ ಹಿಡಿದು ಬಯಲಕಡೆ ಹೋಗಿ ಬಂದವಳಿಗೆ ಮತ್ತೆ ಆ ಅವಕಾಶ ಹೊತ್ತು ಮುಳುಗಿದ ಮೇಲೆ.

2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಹಳ್ಳಿಗಳಲ್ಲಿ ಶೌಚಾಲಯವಿದ್ದ ಮನೆಗಳು ನೂರಕ್ಕೆ 28 ಮಾತ್ರ. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಮನೆಮನೆಗೆ ಕಕ್ಕಸು ಬಂದವು, ಈ ತಾಲ್ಲೂಕುಗಳಿಗೂ ಬಂದವು. ಅಲ್ಲಗಳೆಯಲಾಗದ ಬದಲಾವಣೆ ಅದು. ಆದರೆ ಹೆಣ್ಣಿನ ಹಗಲು ಕಳೆಯುವುದು ಮನೆಯಲ್ಲಲ್ಲ. ಹಡಗಲಿಯ ಮಲ್ಲಿಗೆ ತೋಟದಲ್ಲಿ ಮೊಗ್ಗು ಬಿಡಿಸಲು ನಸುಕಿಗೇ ಇಳಿಯಬೇಕು. ಹರಪನಹಳ್ಳಿಯ ಮೆಕ್ಕೆಜೋಳದ ಹೊಲ, ಕೂಡ್ಲಿಗಿಯ ಶೇಂಗಾ ಹೊಲ, ಉದ್ಯೋಗ ಖಾತ್ರಿಯ ಕೆರೆ ಹೂಳು, ಎಲ್ಲಿಯೂ ಮರೆಯಿಲ್ಲ. ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರಿಗೆ ಪ್ಲಾಸ್ಟಿಕ್ ಹಾಳೆಯ ಗುಡಿಸಲೇ ಮನೆ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಪಾದಯಾತ್ರೆಯಲ್ಲಿ ಬರುವ ಹೆಂಗಸರಿಗೆ ದಾರಿಯುದ್ದಕ್ಕೂ ಪ್ರಸಾದ, ಪಾನಕ, ಮಜ್ಜಿಗೆ ಕೊಡುವ ಕೈಗಳಿರುತ್ತವೆ. ಕುಡಿದದ್ದನ್ನು ಹೊರಹಾಕಲು ಮರೆಯಾದ ಜಾಗ ಮಾತ್ರ ಎಲ್ಲೋ ಒಂದೆರಡು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತವಾಯಿತು, ಹೆಂಗಸರು ದೂರದೂರ ಓಡಾಡತೊಡಗಿದರು. ಬಸ್ ನಿಲ್ದಾಣದ ಶೌಚಾಲಯದ ಬಾಗಿಲಲ್ಲಿ ಚಿಲ್ಲರೆ ಎಣಿಸಿ ಕೊಡುವುದು ತಪ್ಪಲಿಲ್ಲ, ಕೊಟ್ಟರೂ ಒಳಗೆ ಕಾಲಿಡುವಂತಿರುತ್ತದೆ ಎಂಬ ಭರವಸೆಯಿಲ್ಲ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಹಾದು ಹರಿಹರಕ್ಕೆ ಹೋಗುವ ರೈಲಿಗೆ ಈ ಸೀಮೆಯ ಹೆಂಗಸರು ಕೃತಜ್ಞರಾಗಿರಲು ಒಂದು ಕಾರಣವಿದೆ: ಬೋಗಿಯೊಳಗಿನ ಶೌಚಾಲಯ.

ಹೀಗಾಗಿ ಹೆಣ್ಣುಮಕ್ಕಳು ತಾವೇ ಒಂದು ದಾರಿ ಕಂಡುಕೊಂಡಿದ್ದಾರೆ: ನೀರನ್ನೇ ಕುಡಿಯದಿರುವುದು. ಶಾಲೆಗೆ ಹೋಗುವ ಹುಡುಗಿಯಿಂದ ಹಿಡಿದು ಕಳೆ ತೆಗೆಯುವ ಮುದುಕಿಯವರೆಗೆ ಇದೇ ಜಾಣತನ. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಉಪಕಾರ ಇನ್ನೊಂದಿಲ್ಲ. ಮೂತ್ರದ ಒತ್ತಡವನ್ನು ತಡೆಯಬಾರದೆಂದು ಚರಕ ಸಂಹಿತೆ ಒಂದು ಅಧ್ಯಾಯದಲ್ಲಿ ಎಚ್ಚರಿಸುತ್ತದೆ. ತಡೆದವರಲ್ಲಿ ಜಗತ್ಪ್ರಸಿದ್ಧನಾದವನು ಖಗೋಳಜ್ಞ ಟೈಕೋ ಬ್ರಾಹೆ. 1601ರ ಅಕ್ಟೋಬರ್ 13ರಂದು ಪ್ರಾಗ್ ನಗರದ ಔತಣವೊಂದರಲ್ಲಿ ನಡುವೆ ಎದ್ದು ಹೋಗುವುದು ಮರ್ಯಾದೆಯಲ್ಲವೆಂದು ಕೂತೇ ಇದ್ದ. ಮನೆಗೆ ಬಂದಮೇಲೆ ಮೂತ್ರ ಕಟ್ಟಿತು. 11 ದಿನ ನರಳಿ ತೀರಿಕೊಂಡ. ಅವನದ್ದು ಬರಿಯ ಸೋಂಕು ಎನ್ನಲಾಗದು. ಆದರೂ ಮರ್ಯಾದೆಗೆ ಮೂತ್ರಕೋಶ ಎಷ್ಟು ಬೆಲೆ ತೆರುತ್ತದೆ ಎನ್ನುವುದಕ್ಕೆ ನಾಲ್ಕು ಶತಮಾನದಿಂದ ಅವನ ಹೆಸರೇ ಬರುತ್ತದೆ.

ಚಿಕಿತ್ಸೆಯನ್ನೇ ಮಾಡದಿದ್ದರೆ ಏನಾಗುತ್ತದೆ? ಹೆದರಿಸುವುದಕ್ಕೆ ಮೊದಲು ಒಪ್ಪಬೇಕಾದ ಸಂಗತಿಯೊಂದಿದೆ. ಎಳೆಯ ವಯಸ್ಸಿನ, ಬಸುರಿಯಲ್ಲದ, ಬೇರೆ ಕಾಯಿಲೆಯಿಲ್ಲದ ಹೆಂಗಸಿನಲ್ಲಿ ಮೂತ್ರಕೋಶಕ್ಕಷ್ಟೇ ಸೀಮಿತವಾದ ಸೋಂಕು ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಜರ್ಮನಿಯ ವೈದ್ಯರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 240 ಮಹಿಳೆಯರಿಗೆ ನೋವಿನ ಮಾತ್ರೆ ಐಬುಪ್ರೊಫೆನ್ ಮಾತ್ರ, ಅಷ್ಟೇ ಮಂದಿಗೆ ಫಾಸ್ಫೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟರು. ನೋವಿನ ಮಾತ್ರೆ ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಆ್ಯಂಟಿಬಯೋಟಿಕ್ ಇಲ್ಲದೆಯೇ ಚೇತರಿಸಿಕೊಂಡರು. ಆದರೆ ಆ ಗುಂಪಿನಲ್ಲಿ 5 ಮಂದಿಗೆ ಸೋಂಕು ಕಿಡ್ನಿಗೆ ಏರಿತು. ಇನ್ನೊಂದು ಗುಂಪಿನಲ್ಲಿ ಒಬ್ಬರಿಗೆ. ಇವರೆಲ್ಲ ವೈದ್ಯರ ಕಣ್ಣಳತೆಯಲ್ಲಿದ್ದವರು, ಜ್ವರ ಬಂದ ಗಳಿಗೆಯಲ್ಲೇ ಔಷಧ ಸಿಗುತ್ತಿತ್ತು. ಕೂಲಿ ಬಿಟ್ಟು ಆಸ್ಪತ್ರೆಗೆ ಹೋದರೆ ಅಂದಿನ ಸಂಬಳ ಹೋಗುವ ಹೆಂಗಸಿಗೆ ಆ ಐವರಲ್ಲಿ ಒಬ್ಬಳಾಗುವುದರ ಅರ್ಥವೇ ಬೇರೆ.

ಮತ್ತೂ ಒಂದು ಮಾತು. ಈ ಕಡೆ ಉರಿಮೂತ್ರವನ್ನು ಪೂರ್ತಿ ಬಿಟ್ಟವರು ಕಡಿಮೆ, ಅರ್ಧ ಚಿಕಿತ್ಸೆ ಮಾಡಿಕೊಂಡವರೇ ಹೆಚ್ಚು. ಮೆಡಿಕಲ್ ಶಾಪಿನಲ್ಲಿ ‘ಉರಿಗೆ ಗುಳಿಗಿ ಕೊಡ್ರಿ’ ಎಂದರೆ ಎರಡು ದಿನದ ಮಾತ್ರೆ ಕತ್ತರಿಸಿ ಕೊಡುತ್ತಾರೆ. ಇಲ್ಲವೇ ಊರ ಆರ್‌ಎಂಪಿ ಡಾಕ್ಟರು ಒಂದು ಸೂಜಿ ಚುಚ್ಚುತ್ತಾರೆ, ಕೇಳಿದರೆ ಒಂದು ಬಾಟಲಿ ಗ್ಲೂಕೋಸು. ಮೂತ್ರದ ಹುಳಿ ತಗ್ಗಿಸುವ ಸಿರಪ್ಪು ಉರಿಯನ್ನು ಶಮನ ಮಾಡುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುವ ಫೆನಾಜೊಪಿರಿಡೀನ್ ಎಂಬ ಮಾತ್ರೆಯೂ ಹಾಗೆಯೇ; ನೋವನ್ನು ಮಂಕಾಗಿಸುವುದಷ್ಟೇ ಅದರ ಕೆಲಸ. ಮೂರನೆಯ ದಿನ ಉರಿ ಇಳಿಯುತ್ತದೆ, ಉಳಿದ ಮಾತ್ರೆ ಗೂಡಿನಲ್ಲಿ ಕೂರುತ್ತದೆ, ಹೆಂಗಸು ಹೊಲಕ್ಕೆ ಹೋಗುತ್ತಾಳೆ. ವಾರದ ನಂತರ ಬರುವ ಚಳಿಜ್ವರಕ್ಕೂ ಆ ಉರಿಗೂ ನಂಟು ಕಟ್ಟುವವರು ಯಾರೂ ಇರುವುದಿಲ್ಲ.

ಆ ನಂಟು ಇರುವುದು ಎರಡು ಸಣ್ಣ ನಾಳಗಳಲ್ಲಿ. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಈ ನಾಳಗಳ ಬುಡದಲ್ಲಿ ಮೂತ್ರ ಹಿಂದಕ್ಕೆ ಹರಿಯದಂಥ ಏರ್ಪಾಡಿದೆ. ಬ್ಯಾಕ್ಟೀರಿಯಾದ ವಿಷ ನಾಳದ ಸ್ನಾಯುಗಳನ್ನು ಜಡ ಮಾಡಿದಾಗ, ಅಥವಾ ಕಲ್ಲು ಅಡ್ಡ ಸಿಕ್ಕಿದಾಗ, ಅದು ಸಡಿಲವಾಗುತ್ತದೆ. ಮೇಲೇರುವ ಇ-ಕೋಲೈಗಳಲ್ಲಿ ಮತ್ತೊಂದು ಬಗೆಯ ಎಳೆಗಳಿದ್ದು, ಕಿಡ್ನಿಯ ಕೋಶಗಳ ಮೇಲಿರುವ ಬೇರೆ ಸಕ್ಕರೆಗೆ ಅವು ಅಂಟುತ್ತವೆ. ಈಗ ಲಕ್ಷಣಗಳೇ ಬದಲಾಗುತ್ತವೆ. ಪಕ್ಕೆಲುಬಿನ ಕೆಳಗೆ, ಬೆನ್ನಿನ ಒಂದು ಬದಿಯಲ್ಲಿ ಮುಟ್ಟಗೊಡದ ನೋವು; ಹಲ್ಲು ಕಟಕಟಿಸುವ ಚಳಿ, ಜ್ವರ, ವಾಂತಿ. ಉರಿ ಇರಲೂಬಹುದು, ಇರದಿರಲೂಬಹುದು. ಮಳೆಗಾಲದಲ್ಲಾದರೆ ಇದಕ್ಕೆ ಮಲೇರಿಯಾ, ಟೈಫಾಯ್ಡ್ ಎಂಬ ಹೆಸರು ಬೀಳುವುದು ಸುಲಭ. ಮೂತ್ರಕೋಶದ ಸೋಂಕಿಗೆ ಒಳ್ಳೆಯ ಮಾತ್ರೆಯಾದ ನೈಟ್ರೊಫ್ಯುರಂಟಾಯಿನ್ ಕಿಡ್ನಿಯ ಅಂಗಾಂಶದಲ್ಲಿ ಬೇಕಾದಷ್ಟು ಸೇರುವುದಿಲ್ಲವಾದ್ದರಿಂದ ಇಲ್ಲಿ ಅದರಿಂದ ಪ್ರಯೋಜನವಿಲ್ಲ. ಹೋದ ಸಲ ನಾಟಿದ ಮಾತ್ರೆಯ ಖಾಲಿ ಚೀಟಿ ತೋರಿಸಿ ಮತ್ತದನ್ನೇ ತರುವುದು ಏಕೆ ಅಪಾಯವೆಂಬುದಕ್ಕೆ ಈ ಒಂದು ಸಂಗತಿ ಸಾಕು.

ಕಿಡ್ನಿಗಳಿಗೆ ಹೃದಯ ನೂಕುವ ರಕ್ತದಲ್ಲಿ ಐದನೆಯ ಒಂದು ಭಾಗ ಹರಿಯುತ್ತದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಅವು ಸೋಸುತ್ತವೆ. ಅಲ್ಲಿ ನೆಲೆಯೂರಿದ ಬ್ಯಾಕ್ಟೀರಿಯಾಕ್ಕೆ ರಕ್ತ ಸೇರುವುದು ದೂರದ ಮಾತಲ್ಲ. ಸೇರಿದರೆ ದೇಹದ ರಕ್ಷಣಾ ವ್ಯವಸ್ಥೆ ಹದ ತಪ್ಪಿ ತನ್ನ ಅಂಗಗಳನ್ನೇ ಹಾಳುಗೆಡವುವ ಸ್ಥಿತಿ ಬರಬಹುದು. ಇದನ್ನೇ ಸೆಪ್ಸಿಸ್ ಎನ್ನುವುದು. ಸೆಪ್ಸಿಸ್ ಆದವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲಿಗೆ ಮೂಲ ಇರುವುದು ಮೂತ್ರದ ಹಾದಿಯಲ್ಲಿ. ರಕ್ತದೊತ್ತಡ ಕುಸಿಯುತ್ತದೆ, ಉಸಿರಾಟ ಜೋರಾಗುತ್ತದೆ, ಮಾತು ತೊದಲುತ್ತದೆ, ಮೂತ್ರವೇ ನಿಲ್ಲುತ್ತದೆ. ಮುದುಕರಲ್ಲಿ ಜ್ವರ ಕಾಣದೆ ಬರೀ ಮಂಕು, ಗೊಂದಲವಷ್ಟೇ ಕಾಣಿಸಬಹುದು. ಕೆನಡಾದ ವೈದ್ಯ ಆನಂದ್ ಕುಮಾರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದ ಮೊದಲ ಗಂಟೆಯಲ್ಲಿ ಸರಿಯಾದ ಔಷಧ ಸಿಕ್ಕವರಲ್ಲಿ ನೂರಕ್ಕೆ 80ರಷ್ಟು ಮಂದಿ ಬದುಕಿದ್ದರು. ಮುಂದಿನ ಒಂದೊಂದು ಗಂಟೆಯ ತಡಕ್ಕೂ ಬದುಕುಳಿಯುವವರ ಪ್ರಮಾಣ ಸರಾಸರಿ ಶೇ 7.6ರಷ್ಟು ಇಳಿಯುತ್ತಿತ್ತು. ಹರಪನಹಳ್ಳಿಯವರಿಗೆ ದೊಡ್ಡ ಆಸ್ಪತ್ರೆಯೆಂದರೆ ದಾವಣಗೆರೆ, ಹಡಗಲಿಯವರು ಹೊಳೆ ದಾಟಿ ಗದಗಿಗೂ ಹೋಗುತ್ತಾರೆ, ಕೂಡ್ಲಿಗಿಯವರಿಗೆ ಬಳ್ಳಾರಿ. ಹಳ್ಳಿಯಿಂದ ತಾಲ್ಲೂಕು, ತಾಲ್ಲೂಕಿನಿಂದ ಅಲ್ಲಿಗೆ ಎಂಬ ಹಾದಿಯಲ್ಲಿ ಗಂಟೆಗಳು ಹೇಗೆ ಕರಗುತ್ತವೆಂದು ಈ ಸೀಮೆಯ ಓದುಗರಿಗೆ ವಿವರಿಸಬೇಕಿಲ್ಲ.

ಹಣ, ಹೆಸರು, ಆಸ್ಪತ್ರೆ ಎಲ್ಲ ಇದ್ದವರನ್ನೂ ಇದು ಬಿಟ್ಟಿಲ್ಲ. ಬ್ರೆಜಿಲ್‌ನ ರೂಪದರ್ಶಿ ಮರಿಯಾನಾ ಬ್ರಿಡಿ 2008ರ ಡಿಸೆಂಬರಿನಲ್ಲಿ ಕಾಯಿಲೆ ಬಿದ್ದಾಗ ಮೊದಲು ಕಿಡ್ನಿ ಕಲ್ಲೆಂದು ತಿಳಿಯಲಾಯಿತು. ಮೂತ್ರದ ಸೋಂಕು ರಕ್ತಕ್ಕೆ ಇಳಿದು, ಕೈಕಾಲುಗಳಿಗೆ ರಕ್ತ ಹರಿಯದೆ ಅವನ್ನು ಕತ್ತರಿಸಬೇಕಾಯಿತು. 2009ರ ಜನವರಿ 24ರಂದು ತೀರಿಕೊಂಡಾಗ ಆಕೆಗೆ 20 ವರ್ಷ. ಪೋಪ್ ಎರಡನೆಯ ಜಾನ್ ಪಾಲ್ ಅವರ ಕೊನೆಯ ದಿನಗಳಲ್ಲೂ, 2005ರ ಮಾರ್ಚ್ ಅಂತ್ಯದಲ್ಲಿ, ಜ್ವರ ಮತ್ತು ಸೆಪ್ಟಿಕ್ ಆಘಾತ ತಂದದ್ದು ಮೂತ್ರದ ಸೋಂಕೇ. ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್‌ಗೆ 2021ರ ಅಕ್ಟೋಬರಿನಲ್ಲಿ ಇಂಥದೇ ಸೋಂಕು ರಕ್ತಕ್ಕೆ ಹರಡಿತ್ತು. ಬೇಗ ಗುರುತಾಯಿತು, ಕೆಲವೇ ದಿನಗಳಲ್ಲಿ ಮನೆಗೆ ಹೋದರು. 2019ರ ಒಂದು ವರ್ಷದಲ್ಲಿ ಜಗತ್ತಿನಲ್ಲಿ 40 ಕೋಟಿಗೂ ಹೆಚ್ಚು ಮೂತ್ರದ ಸೋಂಕುಗಳು ಆದವೆಂದೂ 2.3 ಲಕ್ಷಕ್ಕೂ ಹೆಚ್ಚು ಜನ ಅದರಿಂದ ಸತ್ತರೆಂದೂ ಒಂದು ಜಾಗತಿಕ ಅಂದಾಜಿದೆ. ಸೋಂಕಾದ ಬಹುಪಾಲು ಮಂದಿ ಬದುಕುತ್ತಾರೆ ಎಂದು ಇದನ್ನು ಓದಬಹುದು, ಓದಬೇಕು ಕೂಡ. ಹಾಗೆ ಬದುಕದವರು ಯಾರು ಎಂಬುದು ಮುಂದಿನ ಪ್ರಶ್ನೆ.

ಮೊದಲಿಗೆ ಬರುವವರು ಬಸುರಿಯರು. ಬಸಿರಿನಲ್ಲಿ ಪ್ರೊಜೆಸ್ಟೆರೋನ್ ಎಂಬ ಹಾರ್ಮೋನು ಕಿಡ್ನಿಯ ನಾಳಗಳನ್ನು ಸಡಿಲಗೊಳಿಸುತ್ತದೆ, ಬೆಳೆಯುವ ಗರ್ಭಕೋಶ ಅವನ್ನು ಒತ್ತುತ್ತದೆ, ಮೂತ್ರ ನಿಂತು ನಿಂತು ಸಾಗುತ್ತದೆ. ಬಾಸ್ಟನ್ನಿನ ಎಡ್ವರ್ಡ್ ಕ್ಯಾಸ್ 1950ರ ದಶಕದಲ್ಲಿ ವಿಚಿತ್ರವಾದದ್ದನ್ನು ಗಮನಿಸಿದರು: ಉರಿಯಿಲ್ಲ, ನೋವಿಲ್ಲ, ಜ್ವರವಿಲ್ಲ, ಆದರೂ ಕೆಲವು ಬಸುರಿಯರ ಮೂತ್ರದಲ್ಲಿ ಬ್ಯಾಕ್ಟೀರಿಯಾ ದಂಡಿಯಾಗಿವೆ. ಒಂದು ಮಿಲಿಲೀಟರಿಗೆ 1 ಲಕ್ಷ ಎಂಬ ಗಡಿಯನ್ನು ವೈದ್ಯಲೋಕಕ್ಕೆ ಕೊಟ್ಟವರೂ ಅವರೇ. ಇಂಥವರನ್ನು ಹಾಗೇ ಬಿಟ್ಟರೆ ನೂರಕ್ಕೆ 20ರಿಂದ 35 ಮಂದಿಗೆ ಸೋಂಕು ಕಿಡ್ನಿಗೆ ಏರುತ್ತದೆ. ಗುರುತಿಸಿ ಔಷಧ ಕೊಟ್ಟರೆ ನೂರಕ್ಕೆ 1ರಿಂದ 4 ಮಂದಿಗೆ ಮಾತ್ರ. ವೈದ್ಯಶಾಸ್ತ್ರದಲ್ಲಿ ಇಷ್ಟು ಸ್ಪಷ್ಟ ಲಾಭದ ಲೆಕ್ಕ ಅಪರೂಪ. ಕಿಡ್ನಿಗೆ ಏರಿದರೆ ತಾಯಿಗೆ ಸೆಪ್ಸಿಸ್ ಭಯ, ಕೂಸು ದಿನ ತುಂಬುವ ಮೊದಲೇ, ತೂಕವಿಲ್ಲದೆ ಹುಟ್ಟುವ ಭಯ. ತಾಯಿ ಕಾರ್ಡಿನಲ್ಲಿ ಮೂತ್ರ ಪರೀಕ್ಷೆಗೆ ಒಂದು ಕಾಲಂ ಇದೆ. ಆದರೆ ಅಲ್ಲಿ ವಾಡಿಕೆಯಾಗಿ ನೋಡುವುದು ಆಲ್ಬುಮಿನ್ ಮತ್ತು ಸಕ್ಕರೆ. ಬ್ಯಾಕ್ಟೀರಿಯಾ ಪತ್ತೆಗೆ ಕಲ್ಚರ್ ಬೇಕು, ಮಾದರಿಯನ್ನು ಬೆಳೆಸಿ ನೋಡಲು ಒಂದೆರಡು ದಿನ ಹಿಡಿಯುತ್ತದೆ, ಅದಕ್ಕೆ ಬಹಳ ಸಲ ಊರು ಬಿಟ್ಟು ಹೋಗಬೇಕು. ಪ್ರತಿ ತಿಂಗಳ 9ರಂದು ಬಸುರಿಯರ ತಪಾಸಣೆ ನಡೆಸುವ ಏರ್ಪಾಡು 2016ರಿಂದ ಇದೆ. ಆ ದಿನ ‘ನನ್ನ ಉಚ್ಚಿ ಕಲ್ಚರ್‌ಗೆ ಕಳಿಸ್ರಿ’ ಎಂದು ಒಮ್ಮೆ ಕೇಳುವ ಹಕ್ಕು ಪ್ರತಿ ಬಸುರಿಗೂ ಇದೆ, ಕೇಳಿಸುವ ಹೊಣೆ ಆಶಾ ಕಾರ್ಯಕರ್ತೆಯರದು.

ಮಕ್ಕಳ ವಿಷಯದಲ್ಲಿ ಪೇಚು ಬೇರೆ ಬಗೆಯದು. ಎರಡು ವರ್ಷದೊಳಗಿನ ಕೂಸು ಉರಿ ಎಂದು ಹೇಳುವುದಿಲ್ಲ. ನೆಗಡಿ ಇಲ್ಲದ, ಕೆಮ್ಮಿಲ್ಲದ ಜ್ವರ, ಹಾಲು ಬಿಡುವುದು, ವಾಂತಿ, ಇಷ್ಟೇ. ಮನೆಯವರು ‘ಹಲ್ಲು ಬರೋ ಜ್ವರ’ ಎನ್ನುತ್ತಾರೆ, ಇಲ್ಲವೇ ದೃಷ್ಟಿ ತೆಗೆಯುತ್ತಾರೆ. ಜ್ವರದೊಡನೆ ಮೊದಲ ಸಲ ಮೂತ್ರದ ಸೋಂಕಾದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿಯ ಕಿಡ್ನಿಯಲ್ಲಿ ಗಾಯದ ಕಲೆ ಉಳಿಯುತ್ತದೆ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಕಲೆ ಉಳಿದ ಮಕ್ಕಳಿಗೆ ಔಷಧ ಶುರುವಾಗುವ ಮುನ್ನ ಜ್ವರ ಇದ್ದ ಮಧ್ಯಮ ಅವಧಿ 72 ಗಂಟೆ. ಕಲೆ ಆಗದವರಲ್ಲಿ 48. ವ್ಯತ್ಯಾಸ ಒಂದೇ ದಿನದ್ದು. ಕಲೆ ಹೆಚ್ಚಿದ್ದವರಿಗೆ ಹರೆಯ ದಾಟುವ ಹೊತ್ತಿಗೆ ರಕ್ತದೊತ್ತಡ ಏರಬಹುದು, ಕೆಲವರ ಕಿಡ್ನಿ ಸೋಲಬಹುದು. ಮೂತ್ರ ಹಿಂದಕ್ಕೆ ಹರಿಯುವ ಹುಟ್ಟುದೋಷವಿದ್ದ ಮಕ್ಕಳಲ್ಲಿ ಈ ಅಪಾಯ ಹೆಚ್ಚು, ಆದ್ದರಿಂದ ಮತ್ತೆ ಮತ್ತೆ ಸೋಂಕಾಗುವ ಮಗುವಿಗೆ ಸ್ಕ್ಯಾನಿಂಗ್ ಆಗಲೇಬೇಕು.

ಇನ್ನು ಸಕ್ಕರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಲ್ಲಿ ಭಾರತದಲ್ಲಿ 10.1 ಕೋಟಿ ಜನಕ್ಕೆ ಅದಿದೆ, ಹಳ್ಳಿಗಳೂ ಹೊರತಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆಯ ಮೈಯಲ್ಲಿ ಬ್ಯಾಕ್ಟೀರಿಯಾ ಸಕ್ಕರೆಯನ್ನೇ ಹುದುಗಿಸಿ ಕಿಡ್ನಿಯ ಒಳಗೆ ಗಾಳಿಯ ಗುಳ್ಳೆಗಳನ್ನು ಎಬ್ಬಿಸುವ ಒಂದು ಭೀಕರ ರೂಪವಿದೆ. ಈ ರೋಗಿಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಸಕ್ಕರೆ ಕಾಯಿಲೆಯವರು. ಮೊದಲೆಲ್ಲ ಕಿಡ್ನಿಯನ್ನೇ ತೆಗೆಯುತ್ತಿದ್ದರು, ಈಗ ಸಿ.ಟಿ. ಸ್ಕ್ಯಾನ್‌ನಲ್ಲಿ ಬೇಗ ಕಂಡರೆ ಕೊಳವೆ ಹಾಕಿ ಕೀವು ಬಸಿದು, ಔಷಧ ಕೊಟ್ಟು ಉಳಿಸುತ್ತಾರೆ. ಮಾಜಿ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು ಮಧುಮೇಹಿ, ಅವರಿಗೆ ಕೆಲಸ ಮಾಡುತ್ತಿದ್ದದ್ದು ಒಂದೇ ಕಿಡ್ನಿ. 2018ರ ಜೂನ್ 11ರಂದು ಮೂತ್ರದ ಸೋಂಕಿನಿಂದ ದೆಹಲಿಯ ಏಮ್ಸ್ ಸೇರಿದವರು ಆಗಸ್ಟ್ 16ರಂದು ಅಲ್ಲಿಯೇ ನಿಧನರಾದರು. ವಯಸ್ಸು, ಸಕ್ಕರೆ, ಕಿಡ್ನಿ ಮೂರೂ ಕೂಡಿದಾಗ ದೇಶದ ಅತ್ಯುತ್ತಮ ಚಿಕಿತ್ಸೆಗೂ ಮಿತಿಯಿತ್ತು.

ಗಂಡಸರ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು: ಅವರಿಗೆ ಇದು ಅಪರೂಪ, ಬಂದರೆ ಸರಳವಲ್ಲ. ಐವತ್ತು ದಾಟಿದವರಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿ ಮೂತ್ರ ಪೂರ್ತಿ ಇಳಿಯದೆ ಉಳಿಯುತ್ತದೆ, ನಿಂತ ಮೂತ್ರದಲ್ಲಿ ಸೋಂಕು ಬೆಳೆಯುತ್ತದೆ. ಗಂಡಸಿನ ಉರಿಮೂತ್ರಕ್ಕೆ ಮನೆಮದ್ದಿನ ಮಾತೇ ಬೇಡ.

ಈ ಸೀಮೆಯಲ್ಲಿ ಕಿಡ್ನಿ ಕಲ್ಲಿನ ಮಾತು ಸಾಮಾನ್ಯ. ಕಲ್ಲಿನಿಂದ ಸೋಂಕಾಗುತ್ತದೆಂದು ಬಹಳ ಜನಕ್ಕೆ ಗೊತ್ತು. ಸೋಂಕಿನಿಂದಲೇ ಕಲ್ಲಾಗುತ್ತದೆಂದು ಗೊತ್ತಿಲ್ಲ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಮೂತ್ರ ಕ್ಷಾರವಾಗಿ ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಗಟ್ಟಿಯಾಗುತ್ತವೆ. ಹೀಗೆ ಬೆಳೆದ ಕಲ್ಲು ಕಿಡ್ನಿಯ ಒಳಗನ್ನೆಲ್ಲ ತುಂಬಿ ಕೊಂಬೆಕೊಂಬೆಯಾಗಿ ಚಾಚುತ್ತದೆ. ಅದರ ಸಂದುಗಳಲ್ಲಿ ಬ್ಯಾಕ್ಟೀರಿಯಾ ಉಳಿದೇ ಇರುತ್ತದೆ. ಬ್ರಿಟನ್ನಿನ ಜಾನ್ ಬ್ಲಾಂಡಿ ಮತ್ತು ಎಂ. ಸಿಂಗ್ 1976ರಲ್ಲಿ ವರದಿ ಮಾಡಿದಂತೆ, ಇಂಥ ಕಲ್ಲನ್ನು ತೆಗೆಯದೆ ಬಿಟ್ಟವರಲ್ಲಿ ನೂರಕ್ಕೆ 28 ಮಂದಿ ಹತ್ತು ವರ್ಷದೊಳಗೆ ಸತ್ತಿದ್ದರು. ಬಾಳೆದಿಂಡಿನ ರಸ ಈ ಜಾತಿಯ ಕಲ್ಲನ್ನು ಕರಗಿಸುವುದಿಲ್ಲ.

ಅರ್ಧ ಚಿಕಿತ್ಸೆಯ ಮಾತಿಗೆ ಮತ್ತೆ ಬರೋಣ, ಏಕೆಂದರೆ ಅದರ ಸಾಲ ಊರಿಗೆಲ್ಲ ಹಂಚಿಹೋಗುತ್ತದೆ. ಎರಡು ದಿನ ನುಂಗಿ ಬಿಟ್ಟ ಮಾತ್ರೆ, ಬೇಡದ ಮಾತ್ರೆ, ತಪ್ಪು ಮಾತ್ರೆ, ಇವೆಲ್ಲ ಸೇರಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಆರಿಸಿ ಆರಿಸಿ ಉಳಿಸುತ್ತವೆ. ನಾರ್‌ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್ ಒಂದು ಕಾಲಕ್ಕೆ ಉರಿಮೂತ್ರದ ರಾಮಬಾಣಗಳು. ಈಗ ಭಾರತದ ಆಸ್ಪತ್ರೆಗಳಲ್ಲಿ ಸಿಗುವ ಇ-ಕೋಲೈಗಳಲ್ಲಿ ಬಹುಪಾಲು ಸಿಪ್ರೊಫ್ಲಾಕ್ಸಾಸಿನ್‌ಗೆ ಜಗ್ಗುವುದಿಲ್ಲ. ಜಗತ್ತನ್ನೇ ಬೆಚ್ಚಿಬೀಳಿಸಿದ ಎನ್‌ಡಿಎಂ-1 ಎಂಬ ಕಿಣ್ವ ಮೊದಲು ಸಿಕ್ಕಿದ್ದೂ ಒಂದು ಮೂತ್ರದ ಮಾದರಿಯಲ್ಲಿ. ದೆಹಲಿಯಲ್ಲಿ ಆಸ್ಪತ್ರೆ ಸೇರಿ ಸ್ವೀಡನ್ನಿಗೆ ಮರಳಿದ ಭಾರತೀಯ ಮೂಲದ 59 ವರ್ಷದ ರೋಗಿಯ ಮೂತ್ರದಲ್ಲಿ 2008ರಲ್ಲಿ ಕಂಡ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಕೊನೆಯ ಸಾಲಿನ ಔಷಧಗಳಾದ ಕಾರ್ಬಪೆನೆಮ್‌ಗಳನ್ನೂ ಈ ಕಿಣ್ವದಿಂದ ಛಿದ್ರಮಾಡುತ್ತಿತ್ತು. ಕಿಣ್ವದ ಹೆಸರಿನಲ್ಲಿ ‘ಎನ್‌ಡಿ’ಯಾಗಿ ನವದೆಹಲಿ ಏಕೆ ಬಂತೆಂದು ನಮ್ಮಲ್ಲಿ ಜಗಳವಾಯಿತು. ಹೆಸರಿನ ಜಗಳಕ್ಕೆ ಸಿಕ್ಕಷ್ಟು ಗಮನ ಮಾತ್ರೆಯಂಗಡಿಯ ಕತ್ತರಿಗೆ ಸಿಗಲಿಲ್ಲ.

ಇದರ ಮತ್ತೊಂದು ತುದಿಯನ್ನೂ ಮರೆಯುವಂತಿಲ್ಲ. ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡ ಮಾತ್ರಕ್ಕೆ ಎಲ್ಲರಿಗೂ ಔಷಧ ಬೇಡ. ಯಾವ ತೊಂದರೆಯೂ ಇಲ್ಲದ ಮುದುಕಿಯ ಮೂತ್ರದಲ್ಲಿ ಅವು ಸುಮ್ಮನೆ ಇರುವುದು ಸಾಮಾನ್ಯ. ಲಕ್ಷಣವಿಲ್ಲದವರು ಬಸುರಿಯಲ್ಲದಿದ್ದರೆ, ಮೂತ್ರಾಂಗಗಳ ಶಸ್ತ್ರಚಿಕಿತ್ಸೆಗೆ ಹೊರಟಿಲ್ಲದಿದ್ದರೆ, ಅವರಿಗೆ ಮಾತ್ರೆ ಕೊಡುವುದು ತಪ್ಪು. ಯಾರಿಗೆ ಬೇಕು, ಯಾರಿಗೆ ಬೇಡ, ಯಾವುದು, ಎಷ್ಟು ದಿನ ಎಂಬುದನ್ನು ತೀರ್ಮಾನಿಸುವುದು ಅಂಗಡಿಯ ಕೌಂಟರಿನಲ್ಲಿ ಆಗುವ ಕೆಲಸವಲ್ಲ. ಸರಳ ಸೋಂಕಿಗೆ ಹಲವು ಸಲ ಮೂರರಿಂದ ಐದು ದಿನ, ಫಾಸ್ಫೊಮೈಸಿನ್ ಆದರೆ ಒಂದೇ ಪೊಟ್ಟಣ ಸಾಕು. ಚಿಕಿತ್ಸೆ ದುಬಾರಿಯೂ ಅಲ್ಲ, ಉದ್ದವೂ ಅಲ್ಲ.

ಎರಡು ದಿನ ನೀರು ಕುಡಿದರೂ ಉರಿ ನಿಲ್ಲದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಬಸುರಿ, ಮಗು, ಸಕ್ಕರೆ ಕಾಯಿಲೆಯವರು, ಗಂಡಸರು ಆ ಎರಡು ದಿನವನ್ನೂ ಕಾಯಬಾರದು. ಚಳಿಜ್ವರ, ಬೆನ್ನಿನ ಪಕ್ಕದ ನೋವು, ವಾಂತಿ ಬಂದರೆ ಅದೇ ದಿನ ತಾಲ್ಲೂಕು ಆಸ್ಪತ್ರೆ. ಮಂಕು ಕವಿದರೆ, ಮೂತ್ರ ನಿಂತರೆ 108ಕ್ಕೆ ಕರೆ ಮಾಡಿ. ಕಲ್ಚರ್‌ಗೆ ಮೂತ್ರ ಕೊಡುವುದಿದ್ದರೆ ಆ್ಯಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವ ಮುನ್ನವೇ ಕೊಡಿ. ನುಂಗಿದ ಮೇಲೆ ಕೊಟ್ಟ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು.